ಎಲ್ಲಿಗೆ ಎಂದು ಕೇಳದ ಯಜಮಾನರು

ಕೇಳಿ, ಇವತ್ತು ಎಲ್ಲಿಗೂ ಹೋಗಬೇಕಿರದಿದ್ದರೂ ಒಳ್ಳೆಯ ಸೀರೆ ಉಟ್ಟು, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ನಮ್ಮ ಯಜಮಾನರಿಗೆ ಮರೆವು ಹೆಚ್ಚುತ್ತಿದೆ. "ತಿಳ್ಕೊಳ್ಳೋ ಆಸೆ ಇದ್ರೆ ಮಿದುಳು ಚುರುಕಾಗಿರುತ್ತಮ್ಮ. ಅವರು ಏನೇ ಕೇಳಿದ್ರೂ ಕೇಳೋಕೆ ಬಿಡಿ" ಎಂದು ಶಿರಾದಲ್ಲಿ ಡಾಕ್ಟರು ಮೊನ್ನೆ ಹೇಳಿದ್ದರು. ಕೇಳುವುದರಲ್ಲಿ ಇವರು ಮೊದಲಿನಿಂದಲೂ ಮುಂದು. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡುತ್ತಿರಲಿಲ್ಲ. ಮನೆಯಿಂದ ಯಾರು ಹೊರಟರೂ "ಎಲ್ಲಿಗೆ? ಯಾಕೆ?" ಎನ್ನುತ್ತಿದ್ದರು. ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಲವತ್ತು ವರ್ಷ ನಾಲ್ಕು ಜನರ ಎದುರೇ ಗದರಿಸಿದ್ದೇನೆ.

ಇವತ್ತು ಇವರು ಕೇಳಲಿ ಎಂದೇ ಕೆಮ್ಮಿದೆ. ಇವರು ತಲೆಯೆತ್ತಿ ನೋಡಿ, "ಹೋಗ್ಬುಟ್ಟು ಬಾ" ಎಂದರು.

"ಎಲ್ಲಿಗೆ ಅಂತ ಕೇಳಲ್ವೇನ್ರೀ?"

"ಹೊರಟೋರ್ನ ಅಂಗೆಲ್ಲಾ ಕೇಳ್ಬಾರ್ದು ಕಣಮ್ಮಿ. ನೀನು ಬೈತೀಯ."

"ಇವತ್ತು ಬೈಯಲ್ಲ, ಕೇಳಿ."

"ಬ್ಯಾಡ ಬುಡು" ಎಂದು ತಲೆ ತಗ್ಗಿಸಿದರು.

ಬ್ಯಾಗನ್ನು ಗೂಟಕ್ಕೆ ನೇತುಹಾಕಿ ಒಳಗೆ ಬಂದೆ. ಮೊಮ್ಮಗಳ ಹೆಸರು ಮರೆತಿದ್ದಾರೆ, ಊಟ ಮಾಡಿದ್ದು ಮರೆಯುತ್ತಾರೆ. ನಾನು ಕಲಿಸಿದ ಪಾಠವನ್ನು ಮಾತ್ರ ಒಂದಕ್ಷರ ಬಿಡದೆ ನೆನಪಿಟ್ಟಿದ್ದಾರೆ.