ಹನ್ನೊಂದು ಗಂಟೆಯ ಕರೆ

ಆ ಹನ್ನೊಂದು ಗಂಟೆಯನ್ನು ಗೊತ್ತು ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೂಂ ಎಂದು ಸುಮ್ಮನೆ ಕೂತ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಕೂಲಿಯವರ ಕೈಗೂ ಮೊಬೈಲು ಬಂದ ಹೊಸತು. ದಣಿವು, ಚಿಂತೆಯಿಂದ ಬಳಲುವ ಹೆಂಗಸರಿಗೆ ಫೋನಿನಲ್ಲೇ ನೆರವು ಕೊಡುವ ಯೋಜನೆಯೊಂದು ರಾಣೇಬೆನ್ನೂರಿನಲ್ಲಿ ಶುರುವಾಯಿತು. ಕಂಪ್ಯೂಟರು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕರೆ ಮಾಡುತ್ತದೆ, "ಇವತ್ತು ದಣಿವಾಗಿದೆಯೇ? ಹೌದಾದರೆ ಒಂದು ಒತ್ತಿರಿ" ಎನ್ನುತ್ತದೆ. ಒತ್ತಿದವರನ್ನು ಡಾಕ್ಟರು ಕರೆಸಿ ನೋಡುತ್ತಾರೆ. ಪ್ರಶ್ನೆ ಬರೆದವಳು ನಾನು, ಧ್ವನಿಯೂ ನನ್ನದೇ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಒಬ್ಬಾಕೆಯನ್ನು ನಾನೇ ಸೇರಿಸಿದ್ದೆ. ಕಣ್ಣಿಗೆ ಕತ್ತಲೆ ಬಂದು ಎರಡು ಸಲ ಒಲೆಯ ಮುಂದೆಯೇ ಬಿದ್ದಿದ್ದಳು. ವಾರದೊಳಗೆ ಅವಳ ಹೆಸರು ಪಟ್ಟಿಯಿಂದ ಹಾರಿತು. ಕರೆ ಎತ್ತದವರನ್ನು "ಆಸಕ್ತಿ ಇಲ್ಲ" ಎಂದು ಕಂಪ್ಯೂಟರೇ ತೆಗೆದುಹಾಕುತ್ತಿತ್ತು. ಇವರಿಗೆ ಎಷ್ಟು ಮಾಡಿದರೂ ಅಷ್ಟೇ ಎಂದು ಉರಿದುಕೊಂಡು ಬ್ಯಾಡಗಿಯ ಬಸ್ಸು ಹತ್ತಿದೆ. ಕೆಲಸದವರೆಲ್ಲರ ಎದುರೇ ದಬಾಯಿಸಿದೆ: "ಯಾಕವಾ, ಫೋನ್ ಎತ್ತಾಕ ಏನಾಗೈತಿ ನಿನಗ?"

ಅವಳು ಎರಡೂ ಅಂಗೈ ನನ್ನ ಮುಂದೆ ಹಿಡಿದಳು.

"ಹನ್ನೊಂದಕ್ಕ ಈ ಕೈ ಹಿಂಗ ಇರ್ತಾವ್ರಿ ಅಕ್ಕಾರ. ಮದಲನೇ ದಿನ ಎತ್ತಿದ್ನಿ. ಕಿವಿ, ಗಲ್ಲ ಎಲ್ಲಾ ಉರದು ಕಣ್ಣಾಗ ನೀರು. ಆ ಒಂದು ಎಲ್ಲೈತಂತ ಹೆಂಗ ಹುಡುಕ್ಲಿ?"

ನಾನು ಇದೇ ಊರಿನ ಮಗಳು. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಮುಖಕ್ಕೆ ಒಯ್ಯಬೇಡ ಎಂದು ಬೈಸಿಕೊಂಡು ಬೆಳೆದವಳು. ಆಫೀಸಿನ ಫ್ಯಾನಿನ ಕೆಳಗೆ ಕೂತು ಅಷ್ಟನ್ನೂ ಮರೆತಿದ್ದೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಹಾವೇರಿಯ ಸಭೆಯಲ್ಲಿ ಇದನ್ನು ಹೇಳಿದರೆ ನಮ್ಮ ಮೇಲಿನವರು, "ಒಂದು ಒತ್ತಿದವರ ಪಟ್ಟಿ ನೋಡೋಕೆ ಡಾಕ್ಟರಿಗೆ ಬಿಡುವಿರೋದೇ ಹನ್ನೊಂದಕ್ಕೆ. ಫೋನ್ ಬಳಸೋದು ಹೇಗೆ ಅಂತ ಆ ಹೆಂಗಸರಿಗೆ ತರಬೇತಿ ಕೊಡಿ" ಎಂದರು.

"ಮದಲ ನೀವೊಂದು ಚೀಲ ಬಿಡಿಸಿ ಬರ್ರಿ, ಆಮ್ಯಾಲೆ ತರಬೇತಿ ಮಾತು!" ನನ್ನ ದನಿ ಹೊರಗಿನ ಜವಾನನಿಗೂ ಕೇಳಿಸಿತಂತೆ. ಕೇಳಲಿ.

ಸಮಯ ಸಂಜೆ ಏಳಕ್ಕೆ ಬದಲಾಯಿತು. ತೆಗೆದುಹಾಕಿದ ಹೆಸರನ್ನು ಮಾತ್ರ ಮತ್ತೆ ಸೇರಿಸಲು ಬರುವುದಿಲ್ಲವಂತೆ. ಅದನ್ನು ಅವಳಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಹೇಳಿದೆ. ಅವಳು ಸಿಟ್ಟಾಗಲಿಲ್ಲ.

"ಇರ್ಲಿ ಬಿಡ್ರಿ. ಫೋನಿನ್ಯಾಗ ಕೇಳಾಕಿನೂ ನೀವ ಅಲ್ಲೇನು? ಈಗ ಹೇಳತೇನಿ ಬರಕೋರಿ. ದಣಿವಾಗೈತ್ರಿ ಅಕ್ಕಾರ. ಭಾಳ ದಣಿವಾಗೈತಿ."

ಬರೆಯಲು ತೆಗೆದಿದ್ದ ಹಾಳೆಯನ್ನು ಚೀಲಕ್ಕೆ ತುರುಕಿದೆ. ಅವಳ ಕೈ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ನಡೆದೆ. ಅರ್ಧ ದಾರಿಗೇ ನನ್ನ ಅಂಗೈ ಉರಿಯತೊಡಗಿತು. ಬಿಡಲಿಲ್ಲ.