ಬೀಳುವುದನ್ನು ಕಲಿಸಿದ ಕೈ

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿ ಎರಡು ವರ್ಷವಾಗಿರಬೇಕು. ಆಗ ನಾನು ಜಮಖಂಡಿಯ ಒಂದು ದೊಡ್ಡ ಗರಡಿಯಲ್ಲಿ, ನಮ್ಮ ಮಾತಿನಲ್ಲಿ ತಾಲೀಮಿನಲ್ಲಿ, ಕಿರಿಯ ವಸ್ತಾದನಾಗಿದ್ದೆ. ವಸ್ತಾದ ಅಂದರೆ ಕುಸ್ತಿ ಕಲಿಸುವವನು. ಹೆಸರು ದೊಡ್ಡದು; ಕೆಲಸ ಮಾತ್ರ ಕಣದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುವುದು, ಪೈಲವಾನರ ಮೈ ತಿಕ್ಕುವುದು, ಬಾದಾಮಿ ಅರೆಯುವುದು. ಅರಸರ ಆಸರೆ ತಪ್ಪಿದ ಮೇಲೆ ತಾಲೀಮಿನ ಖರ್ಚು ನೋಡುತ್ತಿದ್ದವನು ಬನಹಟ್ಟಿಯ ಒಬ್ಬ ಸೀರೆ ಸಾಹುಕಾರ. ಅವನಿಗೆ ಕುಸ್ತಿಯ ಗಂಧ ಇರಲಿಲ್ಲ. ಕಣದ ಅಂಚಿಗೆ ಕುಳಿತು ನಾನು ಹದ ಮಾಡಿದ ಮಣ್ಣಿಗೇ ಎಲೆಅಡಿಕೆ ಉಗುಳುತ್ತಿದ್ದ. ನಾನು ಅದನ್ನು ಕೈಯಿಂದ ಬಳಿದು ಹೊರಗೆ ಚೆಲ್ಲುತ್ತಿದ್ದೆ. ಸಾಹುಕಾರನಿಗೆ ಬೇಕಾದವನು ಶಂಕ್ರಪ್ಪ ಒಬ್ಬನೇ. ಆ ಪೈಲವಾನ ಗೆದ್ದರೆ ಹೆಸರು ಸಾಹುಕಾರನಿಗೆ.

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ಬರೆಯುವ ರೂಢಿ ಇಲ್ಲ. ಆದರೂ ನನ್ನ ತಮ್ಮ ಮಾಳಪ್ಪನ ವಿಷಯ ಬರೆಯಲೇಬೇಕು.

ನಮ್ಮೂರು ಚಿಮ್ಮಡ, ನಮ್ಮದು ಕುರಿ ಕಾಯುವ ಮನೆತನ. ಅಪ್ಪ ತೀರಿದ ಮೇಲೆ ಮನೆಯಲ್ಲಿ ನಡೆಯುತ್ತಿದ್ದದ್ದು ನನ್ನ ಮಾತು. ಮಾಳಪ್ಪನಿಗೆ ಆಗ ಹದಿನೇಳು. ಹುನ್ನೂರಿನ ಸಣ್ಣ ಗರಡಿಯಲ್ಲಿ ಹುಸೇನ ವಸ್ತಾದರ ಕೈಕೆಳಗೆ ಕಲಿಯುತ್ತಿದ್ದ. ಸುತ್ತಿನ ಹಳ್ಳಿಗಳಲ್ಲಿ ತನ್ನ ಜೋಡಿ ಹುಡುಗರೊಂದಿಗೆ ಕುಸ್ತಿ ಹಿಡಿಯುತ್ತಿದ್ದ. ಒಂದು ಸೋತರೆ ಎರಡು ಗೆಲ್ಲುತ್ತಿದ್ದ. ಅವನನ್ನು ಜಮಖಂಡಿಗೆ ಒಯ್ಯುತ್ತೇನೆಂದು ಹೇಳಲು ಹೋದಾಗ ಹುಸೇನ ವಸ್ತಾದರು ನನ್ನನ್ನು ಕೂರಿಸಿ ಚಹಾ ಕೊಟ್ಟರು.

“ಇನ್ನೆರಡು ವರ್ಷ ಇಲ್ಲೇ ಬಿಡು ಸಿದ್ದಪ್ಪಾ. ದೊಡ್ಡ ತಾಲೀಮಿನ್ಯಾಗ ಅಂವಗ ಹಾಲು ಸಿಗತೈತಿ, ಬಾದಾಮಿ ಸಿಗತೈತಿ. ಕುಸ್ತಿ ಸಿಗೂದಿಲ್ಲ.”

“ನಿಮ್ಮ ಗರಡ್ಯಾಗ ಅಂವ ಹೋರಿ ಆಗೂದ್ರಾಗ ಮುದಿ ಎತ್ತ ಆಗ್ತಾನ್ರಿ,” ಅಂದೆ. ಮುದುಕರು ಬೇಸರ ಮಾಡಿಕೊಳ್ಳಲಿಲ್ಲ. ಲೋಟ ತೊಳೆದಿಟ್ಟು ಒಳಗೆ ಹೋದರು.

ಆದರೆ ಅವರಿಗೆ ನಾನು ಹೇಳದ ಮಾತೊಂದಿತ್ತು. ಶಂಕ್ರಪ್ಪನ ಜೊತೆ ಅಭ್ಯಾಸ ಮಾಡುವವನ ಭುಜದ ಎಲುಬು ಮುರಿದಿತ್ತು. ಗಟ್ಟಿ ಮೈಯ ಹುಡುಗ ಬೇಕೆಂದು ಸಾಹುಕಾರ ಕೇಳಿದಾಗ, ನನ್ನ ತಮ್ಮ ಇದ್ದಾನೆ ಅಂದವನು ನಾನೇ.

ನಮ್ಮ ತಾಲೀಮಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಪೈಲವಾನನ ಡಾವಿಗೆ, ಅಂದರೆ ಪಟ್ಟಿಗೆ, ಅಭ್ಯಾಸದವನು ಅಡ್ಡ ನಿಲ್ಲಬಾರದು. ಡಾವು ಪೂರ್ತಿಯಾಗಬೇಕು, ಪೈಲವಾನನ ಕೈಕಾಲು ಉಳುಕಬಾರದು, ತನ್ನನ್ನು ತಡೆಯುವವರಿಲ್ಲ ಎಂಬ ಧೈರ್ಯ ಅವನಿಗೆ ಬರಬೇಕು. ಶಂಕ್ರಪ್ಪನ ಡಾವು ಢಾಕ್: ಎದುರಾಳಿಯ ಕೊರಳಿಗೆ ಕೈ ಹಾಕಿ, ತನ್ನ ಸೊಂಟವನ್ನು ಅವನ ಹೊಟ್ಟೆಯ ಕೆಳಗೆ ತೂರಿಸಿ, ಎತ್ತಿ ಒಗೆಯುವುದು. ಮಾಳಪ್ಪ ಮೊದಮೊದಲು ಕಾಲೂರಿ ನಿಲ್ಲುತ್ತಿದ್ದ. ಒಂದು ದಿನ ಢಾಕನ್ನು ಮುರಿದೇಬಿಟ್ಟ. ಶಂಕ್ರಪ್ಪನ ಮೊಣಕಾಲು ಮಣ್ಣಿಗೆ ಹತ್ತಿತು. ನೋಡುತ್ತಿದ್ದವರು ನಕ್ಕರು. ಸಾಹುಕಾರ ನಗಲಿಲ್ಲ, ನನ್ನ ಕಡೆ ನೋಡಿದ. ನಾನು ಕಣಕ್ಕಿಳಿದು ಎಲ್ಲರೆದುರು ತಮ್ಮನ ಕಪಾಳಕ್ಕೆ ಹೊಡೆದೆ.

“ಅಡ್ಡ ನಿಂದ್ರಬ್ಯಾಡ ಅಂದೀನಿಲ್ಲೋ? ಕೊರಳಿಗೆ ಕೈ ಬಿದ್ದ ಕೂಡ್ಲೆ ಮೈ ಸಡಿಲ ಬಿಡು. ಹಾರಿ ಬೀಳು.”

ಅಂದಿನಿಂದ ಅವನು ಛಲೋ ಬೀಳತೊಡಗಿದ. ಮುಂಜಾನೆ ಬೀಳುತ್ತಿದ್ದ, ಸಂಜೆ ಬೀಳುತ್ತಿದ್ದ. ಹಾಲು ಬಾದಾಮಿಗೆ ಮೈ ತುಂಬಿಕೊಂಡಿತು. ಊರಿಗೆ ಹೋದಾಗ ಜನ ಅವನ ಕುತ್ತಿಗೆ ನೋಡಿ ಹೊಗಳಿದರೆ ನಾನು ಮೀಸೆ ತಿರುವುತ್ತಿದ್ದೆ. ಅವನ ಹೆಸರಿನಲ್ಲಿ ಒಂದೇ ಒಂದು ಕುಸ್ತಿ ಆಗಲಿಲ್ಲ. ಕೇಳಿದಾಗೆಲ್ಲ, ಶಂಕ್ರಪ್ಪನ ಮುಂದಿನ ಕುಸ್ತಿ ಮುಗಿಯಲಿ ಅನ್ನುತ್ತಿದ್ದೆ. ಹೀಗೆ ಎರಡು ವರ್ಷ ಕಳೆಯಿತು.

ಕಡೆಗೆ ಮುಧೋಳದಲ್ಲಿ ಶಂಕ್ರಪ್ಪನ ದೊಡ್ಡ ಕುಸ್ತಿಗೆ ಮುಂಚೆ ಮಾಳಪ್ಪನಿಗೊಂದು ಜೋಡಿ ಸಿಕ್ಕಿತು. ಗೆದ್ದರೆ ಇನ್ನು ಮುಂದೆ ಹುಡುಗ ತನ್ನ ಹೆಸರಿನಲ್ಲೇ ಕುಸ್ತಿ ಹಿಡಿಯಲಿ, ಇಲ್ಲವಾದರೆ ಕುರಿ ಕಾಯಲಿ ಎಂದು ಸಾಹುಕಾರ ಹೇಳಿದ. ಎದುರಾಳಿ ತುಬಚಿಯ ಹುಡುಗ. ಹುನ್ನೂರಿನಲ್ಲಿದ್ದಾಗ ಮಾಳಪ್ಪ ಅವನನ್ನು ಎರಡು ಸಲ ಕೆಡವಿದ್ದ. ಗೆದ್ದೇ ಗೆಲ್ಲುತ್ತಾನೆಂದು ನಾನು ಆರಾಮಾಗಿ ಶಂಕ್ರಪ್ಪನ ತೊಡೆ ತಿಕ್ಕುತ್ತ ಕುಳಿತೆ.

ಮಾಳಪ್ಪ ಅವನನ್ನು ಕಣದ ತುಂಬ ದೂಡಾಡಿದ. ತುಬಚಿಯ ಹುಡುಗ ದಣಿದು, ಬೇರೇನೂ ತೋಚದೆ, ಕೊರಳಿಗೆ ಕೈ ಹಾಕಿದ. ಅದು ಡಾವೂ ಅಲ್ಲ. ಆತುಕೊಂಡು ನಿಂತ ಹಾಗಿತ್ತು. ಕೈ ಬಿದ್ದ ಕೂಡಲೇ ನನ್ನ ತಮ್ಮನ ಮೈ ಸಡಿಲಾಯಿತು. ತಾನೇ ಹಾರಿದ. ಬೆನ್ನು ಪೂರ್ತಿ ಮಣ್ಣಿಗೆ ಹತ್ತಿತು. ಕೆಡವಿದ ಹುಡುಗ ತಾನೇ ಬೆರಗಾಗಿ ನಿಂತಿದ್ದ. ಸಾಹುಕಾರನ ಬಾದಾಮಿ ಎಲ್ಲಿ ಹೋತಲೇ ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು.

ಬಾವಿಯ ಹತ್ತಿರ ಮಣ್ಣು ತೊಳೆದುಕೊಳ್ಳುತ್ತಿದ್ದವನನ್ನು ಕೇಳಿದೆ: “ಅವನ ಸೊಂಟನ ಒಳಗ ಬಂದಿರಲಿಲ್ಲಲ್ಲೋ. ಯಾಕ ಬಿದ್ದಿ?”

“ನಾ ಬೀಳಲಿಲ್ಲಣ್ಣಾ,” ಅಂದ. “ಮೈ ಬಿತ್ತು.”

ಆಮೇಲೆ ಶಂಕ್ರಪ್ಪ ಗೆದ್ದ, ಅದೇ ಢಾಕಿನಿಂದ. ಸಾಹುಕಾರ ನನ್ನನ್ನು ಕಣದ ನಡುವೆ ಕರೆದು, ತಯಾರಿ ಅಂದರೆ ಇದು ಎಂದು ನನ್ನ ತಲೆಗೆ ಜರಿಯ ಪಟಕಾ ಸುತ್ತಿದ. ನಾನು ತಲೆ ಬಗ್ಗಿಸಿ ಸುತ್ತಿಸಿಕೊಂಡೆ. ಮಾಳಪ್ಪ ಬಗಲಲ್ಲಿ ಗಂಟು ಹಿಡಿದು ಚಿಮ್ಮಡದ ದಾರಿ ಹಿಡಿದದ್ದು ಕಾಣಿಸುತ್ತಿತ್ತು. ನಾನು ಪಟಕಾ ತೆಗೆಯಲಿಲ್ಲ, ಅವನ ಹಿಂದೆ ಓಡಲೂ ಇಲ್ಲ.

ಅವನು ಮತ್ತೆ ಲಂಗೋಟಿ ಕಟ್ಟಲಿಲ್ಲ. ನಾನು ಅದೇ ತಾಲೀಮಿನಲ್ಲಿ ಮುಖ್ಯ ವಸ್ತಾದನಾಗಿ ನಿವೃತ್ತನಾದೆ. ಎಳೆಯ ಪೈಲವಾನನನ್ನು ಎಲ್ಲಿ ಬಿಡಬೇಕೆಂದು ಕೇಳಿ ಬಂದವರಿಗೆಲ್ಲ ಒಂದೇ ಮಾತು ಹೇಳಿದೆ: ಅವನು ತನ್ನ ಹೆಸರಿನಲ್ಲಿ ಗೆಲ್ಲುವ, ಸೋಲುವ ಕಡೆ ಬಿಡಿರಿ, ಇಲ್ಲಿ ಬೇಡ, ಹುನ್ನೂರಿಗೆ ಒಯ್ಯಿರಿ. ಅದನ್ನು ಅವರು ನನ್ನ ದೊಡ್ಡತನ ಅಂದುಕೊಂಡರು.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ತಮ್ಮನ ಮನೆಯ ಅಂಗಳದಲ್ಲಿ ಕುಳಿತಿದ್ದೆ. ಅವನ ಸಣ್ಣ ಮಗ ಓಡಿ ಬಂದು ಅಪ್ಪನ ಕೊರಳಿಗೆ ಜೋತುಬಿದ್ದ. ಕೈ ಬಿದ್ದ ಕೂಡಲೇ ಮಾಳಪ್ಪ ಕಂಬಳಿಯ ಮೇಲೆ ಅಂಗಾತ ಬಿದ್ದ. ಮಗನಿಗೆ ಸೋತುಕೊಡುತ್ತಾನೆಂದು ಅವನ ಹೆಂಡತಿ ನಕ್ಕಳು, ಹುಡುಗ ಕೇಕೆ ಹಾಕಿದ. ಮಾಳಪ್ಪ ಬಿದ್ದಲ್ಲಿಂದಲೇ ನನ್ನ ಮುಖ ನೋಡಿದ. ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದೆ.