ಕೋಡಿನ ಸಾಲು ನೇರ ಮಾಡಲು ಹೋಗಿ

ತಿಪಟೂರಿನಲ್ಲಿ ಕೊಬ್ಬರಿ ಮಂಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಮಾಲೀಕರನ್ನು ಬಿಟ್ಟರೆ ಕೋಡ್ ಬರೆಯುವವರು ನಾವಿಬ್ಬರೇ: ನೊಣವಿನಕೆರೆಯಿಂದ ಬಸ್ಸಿನಲ್ಲಿ ಬರುವ ನಾನು, ಹಾಲ್ಕುರಿಕೆಯಿಂದ ಬೈಕಿನಲ್ಲಿ ಬರುವ ಒಬ್ಬ ಹಿರಿಯರು. ಅವರನ್ನು ನಾನು ಅಣ್ಣ ಎಂದೇ ಕರೆಯುವುದು. ಮಂಡಿಯ ಪ್ರೋಗ್ರಾಮನ್ನು ಮೊದಲಿನಿಂದ ಕಟ್ಟಿದವರು ಅವರು.

ಅಣ್ಣನ ಕೋಡ್ ಕೆಲಸವೇನೋ ಮಾಡುತ್ತಿತ್ತು, ಓದಲು ಮಾತ್ರ ಆಗುತ್ತಿರಲಿಲ್ಲ. ಒಂದು ಸಾಲು ಅಂಚಿಗೆ ಅಂಟಿಕೊಂಡಿದ್ದರೆ ಮುಂದಿನದು ಪರದೆಯ ನಡುವೆ ಎಲ್ಲೋ ಇರುತ್ತಿತ್ತು. ಏನಾದರೂ ತಿದ್ದುವ ಮುನ್ನ ನಾನು ಅದನ್ನೆಲ್ಲ ನೇರ ಮಾಡಿಕೊಳ್ಳುತ್ತಿದ್ದೆ. ಮರುದಿನ ಅವರು ತಮಗೆ ಬೇಕಾದಂತೆ ಮತ್ತೆ ಎಳೆದಿಡುತ್ತಿದ್ದರು. ಇಬ್ಬರ ಕೆಲಸವನ್ನು ಒಟ್ಟಿಗೆ ಸೇರಿಸುವಾಗ ಯಾವುದು ನಿಜವಾದ ಬದಲಾವಣೆ, ಯಾವುದು ಬರೀ ಖಾಲಿ ಜಾಗ ಎಂದು ಹುಡುಕುವುದರಲ್ಲೇ ನನ್ನ ಮಧ್ಯಾಹ್ನಗಳು ಹಾಳಾಗುತ್ತಿದ್ದವು.

ಸಾಕಾಗಿ ಹೋಗಿ, ನಮ್ಮ ಬಿಲ್ಡ್‌ನಲ್ಲೇ ಒಂದು ಫಾರ್ಮ್ಯಾಟರ್ ಸೇರಿಸುತ್ತೇನೆ ಎಂದು ಮಾಲೀಕರ ಬಳಿ ಹೋದೆ. ನಾವು ಬರೆದದ್ದನ್ನೆಲ್ಲ ಒಗ್ಗೂಡಿಸಿ, ಪರೀಕ್ಷಿಸಿ, ಮಂಡಿಯ ಕಂಪ್ಯೂಟರಿಗೆ ಹಾಕುವಂಥ ಪ್ರೋಗ್ರಾಮಾಗಿ ಮಾಡುವುದಕ್ಕೆ ಬಿಲ್ಡ್ ಅನ್ನುತ್ತೇವೆ. ಆಫೀಸಿನ ಮೂಲೆಯಲ್ಲಿರುವ ಒಂದು ಹಳೆಯ ಕಂಪ್ಯೂಟರ್ ಅದನ್ನು ಮಾಡುತ್ತದೆ. ಫಾರ್ಮ್ಯಾಟರ್ ಎಲ್ಲರ ಕೋಡನ್ನೂ ಒಂದೇ ಅಚ್ಚಿಗೆ ತರುತ್ತದೆ; ಹಾಗೆ ಇಲ್ಲದಿದ್ದರೆ ಬಿಲ್ಡ್ ಮುಂದೆ ಹೋಗಬಾರದು. ಇಷ್ಟನ್ನು ವಿವರಿಸಿದೆ.

"ಇದ್ರಿಂದ ಗಿರಾಕಿಗೆ ಏನು ಕಾಣ್ಸುತ್ತಮ್ಮ?" ಎಂದು ಕೇಳಿದರು.

"ಏನೂ ಕಾಣ್ಸಲ್ಲ ಸಾರ್. ನಮಗೆ ಅನುಕೂಲ."

"ಹಂಗಾದ್ರೆ ಬಿಡುವಿದ್ದಾಗ ಮಾಡ್ಕೋ."

ಬಿಡುವು ಎಲ್ಲಿಂದ ಬರಬೇಕು? ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಒಂದಷ್ಟು ಮಧ್ಯಾಹ್ನ ಅದರಲ್ಲೇ ಕಳೆದೆ. ಆ ವಾರ ಅಣ್ಣ ತುರುವೇಕೆರೆಯ ಒಂದು ಮಂಡಿಯಲ್ಲಿ ತೂಕದ ಯಂತ್ರಕ್ಕೂ ಕಂಪ್ಯೂಟರಿಗೂ ಸಂಪರ್ಕ ಕೊಡುತ್ತಿದ್ದರು. ಹಳೆಯ ಕೋಡೆಲ್ಲ ಅಚ್ಚುಕಟ್ಟಾಗಿ ಕೂತಿತು. ಬಿಲ್ಡ್ ಸರಾಗವಾಗಿ ಮುಗಿಯಿತು. ಅವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನನಗೆ ಬೇಜಾರಾಗಲಿಲ್ಲ.

ಅಣ್ಣ ಹಿಂತಿರುಗಿದ್ದು ಕೊಬ್ಬರಿ ಹರಾಜಿನ ಹಿಂದಿನ ದಿನ. ಬೆಳಿಗ್ಗೆಯೇ ಒಂದು ಮಂಡಿಯಿಂದ ಫೋನು ಬಂದಿತ್ತು. ಚೀಲಕ್ಕೆ ಹಾಕುವ ಚೀಟಿಯಲ್ಲಿ ಚಿಕ್ಕನಾಯಕನಹಳ್ಳಿ ಎಂಬ ಹೆಸರು ಜಾಗ ಸಾಲದೆ 'ಚಿಕ್ಕನಾಯಕನ' ಎಂದು ತುಂಡಾಗಿ ಬರುತ್ತಿದೆ, ನಾಳೆಯೊಳಗೆ ಸರಿಯಾಗಬೇಕು ಎಂದು. ಅಣ್ಣ ಕೂತಲ್ಲೇ ಸರಿ ಮಾಡಿದರು. ಅವರಿಗೆ ಅದೊಂದು ದೊಡ್ಡ ಕೆಲಸವೇ ಅಲ್ಲ. ಆದರೆ ಬಿಲ್ಡ್ ನಿಂತುಹೋಯಿತು.

"ಏನಮ್ಮ ಇದು, ಕೆಂಪಗೆ ಬತ್ತೈತೆ?"

ಫಾರ್ಮ್ಯಾಟರ್ ವಿಷಯ ಹೇಳಿದೆ. ಒಂದು ಸಲ ಅದನ್ನು ಓಡಿಸಿಬಿಟ್ಟರೆ ತಾನೇ ಸರಿ ಮಾಡುತ್ತದೆ ಎಂದೆ. ಓಡಿಸಿದರು. ಎಲ್ಲ ಸರಿಯಿದೆ ಎಂದು ಅವರ ಪರದೆ ಹೇಳಿತು. ಮೂಲೆಯ ಕಂಪ್ಯೂಟರ್ ಮಾತ್ರ ಸರಿಯಿಲ್ಲ ಎಂದಿತು. ಮತ್ತೆ ಓಡಿಸಿದರು. ಮತ್ತೆ ಅದೇ. ನಾನು ಅವರ ಪಕ್ಕ ಕುರ್ಚಿ ಎಳೆದುಕೊಂಡು ಸಾಲು ಸಾಲು ನೋಡಿದೆ. ಕಣ್ಣಿಗೆ ಒಂದು ತಪ್ಪೂ ಕಾಣಲಿಲ್ಲ. ಮಾಡಿದ್ದು ನಾನೇ, ನಿಂತದ್ದು ಯಾಕೆಂದು ನನಗೇ ಗೊತ್ತಾಗುತ್ತಿಲ್ಲ. ತಲೆ ಚಿಟ್ಟು ಹಿಡಿಯಿತು.

ಅಷ್ಟರಲ್ಲಿ ಅಣ್ಣ ತಮ್ಮ ಬೇರೆ ಫೈಲುಗಳನ್ನು ತೆರೆದರು. ಕೊಬ್ಬರಿಯ ದರ್ಜೆಗಳ ಕೋಷ್ಟಕವೊಂದನ್ನು ಅವರು ಕಂಬ ನಿಲ್ಲಿಸಿದ ಹಾಗೆ ಕೈಯಾರೆ ಜೋಡಿಸಿದ್ದರು. ಫಾರ್ಮ್ಯಾಟರ್ ಅದನ್ನು ಹಿಂಡಿ ಒಂದು ಮುದ್ದೆ ಮಾಡಿತ್ತು.

"ನಾನು ಬರ್ದಿದ್ದು ನನಗೇ ಗುರುತು ಸಿಕ್ತಿಲ್ಲ ಕಣಮ್ಮ" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಮಾಲೀಕರು ಬಂದು ನಿಂತರು. "ಇನ್ನೂ ಆಗಿಲ್ವಾ? ಮಂಡಿಯೋರು ಮತ್ತೆ ಫೋನ್ ಮಾಡಿದ್ರು."

"ಕೋಡ್ ಸರಿಗೈತೆ ಸಾರ್. ಮಧ್ಯ ಬಿಟ್ಟಿರೋ ಜಾಗ ಸರಿ ಇಲ್ವಂತೆ. ಅದಕ್ಕೆ ನಿಂತೈತೆ" ಎಂದರು ಅಣ್ಣ.

"ಜಾಗಕ್ಕಾ?" ಮಾಲೀಕರು ನನ್ನ ಕಡೆ ತಿರುಗಿದರು. "ತೆಗಿಯಮ್ಮ ಅದನ್ನ."

ತೆಗೆದೆ. ಬಿಲ್ಡ್ ಮುಗಿಯಿತು, ಮಂಡಿಯಲ್ಲಿ ಊರಿನ ಹೆಸರು ಪೂರ್ತಿ ಬಂತು. ಅಣ್ಣನ ಬೆನ್ನು ತಟ್ಟಿ ಮಾಲೀಕರು ಹೊರಟರು. ನನಗೆ ಅಳುವೇ ಬರುವ ಹಾಗಿತ್ತು. ಅವರ ಮಾತಿಗಿಂತ, ಕಾರಣ ಸಿಗದೆ ತೆಗೆಯಬೇಕಾಗಿ ಬಂದದ್ದು ಹೆಚ್ಚು ಚುಚ್ಚುತ್ತಿತ್ತು.

ಮರುದಿನ ಬಂದವಳೇ ಅದನ್ನೇ ಹಿಡಿದು ಕೂತೆ. ಕಾರಣ ಸಿಕ್ಕಿತು. ಅಣ್ಣನ ಕಂಪ್ಯೂಟರ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತನ್ನು ಹೆಚ್ಚಿಗೆ ಇಡುತ್ತಿತ್ತು. ಮೂಲೆಯ ಕಂಪ್ಯೂಟರಿಗೆ ಅದು ಬೇಡ. ಸೆಟ್ಟಿಂಗ್ಸಿನಲ್ಲಿ ಒಂದು ಸಾಲು ಬರೆದರೆ ಮುಗಿಯುವ ಸಂಗತಿ. ಅಷ್ಟಕ್ಕೆ ಒಂದು ದಿನವಿಡೀ ಇಬ್ಬರೂ ಒದ್ದಾಡಿದ್ದೆವು.

ಅಣ್ಣನಿಗೆ ತೋರಿಸಿ, ಮತ್ತೆ ಸೇರಿಸಲಾ ಎಂದು ಕೇಳಿದೆ. ಅವರು ಟೀ ಮುಗಿಸಿ ಲೋಟ ಕೆಳಗಿಟ್ಟರು.

"ಸೇರ್ಸು. ಸಾರ್‌ಗೆ ನಾನು ಹೇಳ್ತೀನಿ ಬುಡು. ಆದ್ರೆ ನನ್ನ ಕೋಷ್ಟಕ ಮುಟ್ಟಂಗಿಲ್ಲ."

ಇಲ್ಲಿಂದ ಇಲ್ಲಿಯವರೆಗೆ ಮುಟ್ಟಬೇಡ ಎಂದು ಫಾರ್ಮ್ಯಾಟರಿಗೆ ಹೇಳುವ ಗುರುತುಗಳಿವೆ. ಕೋಷ್ಟಕವನ್ನು ಮೊದಲಿನಂತೆ ಮಾಡಿ, ಅದರ ಹಿಂದೆ ಮುಂದೆ ಅವನ್ನು ಹಾಕಿಕೊಟ್ಟೆ. ಹಾಕುವುದು ಹೇಗೆಂದು ಅವರು ಗಮನವಿಟ್ಟು ನೋಡಿದರು.

ಈಗ ಬಿಲ್ಡ್ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಇಬ್ಬರ ಕೆಲಸ ಸೇರಿಸುವುದು ಮೊದಲಿನಷ್ಟು ನರಕವಲ್ಲ. ಆದರೆ ಹೋದ ವಾರ ಅವರ ಹೊಸ ಫೈಲೊಂದನ್ನು ತೆರೆದರೆ, ಮೊದಲ ಸಾಲಿನ ಮೇಲೆ ಒಂದು 'ಮುಟ್ಟಬೇಡ' ಗುರುತು, ಕೊನೆಯ ಸಾಲಿನ ಕೆಳಗೆ ಇನ್ನೊಂದು. ನಡುವೆ ಇರುವುದೆಲ್ಲ ಹಳೆಯ ಥರದ್ದೇ, ಎಲ್ಲೆಂದರಲ್ಲಿ.

"ಇದೇನಣ್ಣ? ಇಲ್ಲಿ ಕೋಷ್ಟಕ ಎಲ್ಲೈತೆ?"

"ಇದೂ ಒಂಥರಾ ಕೋಷ್ಟಕನೇ ಕಣಮ್ಮ" ಎಂದರು, ಪರದೆಯಿಂದ ಮುಖ ತಿರುಗಿಸದೆ.